ಗುಟ್ಟಿನ ಗುಂಪಿನಲ್ಲಿ ಆಡಿದ ಮಾತಿಗೆ ಹೊಣೆ ಯಾರು?



ಇಂದು ನಾವು ಚರ್ಚಿಸಲಿರುವ ವಿಷಯ ಮೇಲ್ನೋಟಕ್ಕೆ ಬಹಳ ದೂರದ್ದೆಂದು ತೋರಬಹುದು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಆಟಗಾರರು ತಮ್ಮತಮ್ಮೊಳಗೆ ಬರೆದುಕೊಂಡ ಅಸಭ್ಯ ಸಂದೇಶಗಳು ಬಯಲಾದಾಗ ಆ ಸಂಸ್ಥೆಗಳು ಏನು ಮಾಡಿದವು, ಏನು ಮಾಡಬೇಕಿತ್ತು ಎಂಬುದೇ ಆ ವಿಷಯ. ನಮ್ಮ ಮಕ್ಕಳಿಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅದು ತಪ್ಪಲ್ಲ. ಆದರೆ ನಮ್ಮ ಊರುಗಳ ಮಕ್ಕಳೂ ಇಂದು ಕಾಲೇಜು ತಂಡಗಳಿಗೆ ಆಯ್ಕೆಯಾಗುತ್ತಾರೆ, ಹಾಸ್ಟೆಲುಗಳಲ್ಲಿ ವಾಸಿಸುತ್ತಾರೆ, ಪಂದ್ಯಾಟಗಳಿಗೆಂದು ಊರೂರು ಸುತ್ತುತ್ತಾರೆ. ಪ್ರತಿಯೊಂದು ತಂಡಕ್ಕೂ ಒಂದು ವಾಟ್ಸ್‌ಆ್ಯಪ್ ಗುಂಪಿರುತ್ತದೆ. ಆ ಗುಂಪಿನಲ್ಲಿ ಬರೆಯುವವನು ನಮ್ಮ ಮಗನಾಗಿರಬಹುದು. ಅಲ್ಲಿ ಯಾರ ಬಗ್ಗೆ ಬರೆಯಲಾಗುತ್ತದೆಯೋ ಆಕೆ ನಮ್ಮ ಮಗಳಾಗಿರಬಹುದು. ಈ ಇಬ್ಬರು ಮಕ್ಕಳ ಹೆತ್ತವರ ಸ್ಥಾನದಲ್ಲಿ ಏಕಕಾಲಕ್ಕೆ ನಿಂತು ಯೋಚಿಸಿದಾಗ ಮಾತ್ರ ಈ ವಿಷಯದಲ್ಲಿ ನ್ಯಾಯದ ದಾರಿ ಕಾಣುತ್ತದೆ.

ಮೊದಲು ನಡೆದ ಸಂಗತಿಯನ್ನು ನೋಡೋಣ. 2016ರ ಅಕ್ಟೋಬರ್ ತಿಂಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ನಡೆಸುವ 'ದಿ ಹಾರ್ವರ್ಡ್ ಕ್ರಿಮ್ಸನ್' ಪತ್ರಿಕೆ ಒಂದು ವರದಿಯನ್ನು ಪ್ರಕಟಿಸಿತು. ಅಲ್ಲಿನ ಪುರುಷರ ಫುಟ್ಬಾಲ್ ತಂಡದ ಒಬ್ಬ ಸದಸ್ಯ 2012ರಲ್ಲಿ ಒಂಬತ್ತು ಪುಟಗಳ ಒಂದು ಕಡತವನ್ನು ಸಿದ್ಧಪಡಿಸಿ ಸಂಗಾತಿಗಳಿಗೆ ಕಳುಹಿಸಿದ್ದ. ಆ ವರ್ಷ ಮಹಿಳಾ ಫುಟ್ಬಾಲ್ ತಂಡಕ್ಕೆ ಹೊಸದಾಗಿ ಸೇರಿದ್ದ ಯುವತಿಯರನ್ನು ಅವರ ದೇಹದ ಆಧಾರದಲ್ಲಿ ಅಳೆದು, ಒಬ್ಬೊಬ್ಬರಿಗೂ ಅಂಕಗಳನ್ನು ನೀಡಿ, ಹೇಳಲಾಗದ ಭಾಷೆಯಲ್ಲಿ ವರ್ಣಿಸಲಾಗಿತ್ತು. ಎದುರಾಳಿ ತಂಡದ ಬಲಾಬಲವನ್ನು ಅಳೆಯಲು ಬಳಸುವ ಕ್ರೀಡಾ ಪರಿಭಾಷೆಯನ್ನೇ ತಂಡದವರು ಅದಕ್ಕೆ ಹೆಸರಾಗಿ ಇಟ್ಟಿದ್ದರು. ಅಂದರೆ ತಮ್ಮದೇ ವಿಶ್ವವಿದ್ಯಾಲಯದ ಸಹ ಆಟಗಾರ್ತಿಯರನ್ನು ಬೇಟೆಯ ಪಟ್ಟಿಗೆ ಸೇರಿಸಿದ್ದರು.

ವಿಶ್ವವಿದ್ಯಾಲಯ ತನಿಖೆ ನಡೆಸಿತು. ಈ ಚಾಳಿ 2012ಕ್ಕೆ ಮುಗಿದಿರಲಿಲ್ಲ, 2016ರವರೆಗೂ ಮುಂದುವರಿದಿತ್ತು ಎಂಬುದು ಅದರಲ್ಲಿ ತಿಳಿದುಬಂತು. ಅಷ್ಟೇ ಅಲ್ಲ, ಮೊದಲು ಪ್ರಶ್ನಿಸಿದಾಗ ಆಟಗಾರರು ಸತ್ಯವನ್ನು ತೆರೆದು ಹೇಳಿರಲಿಲ್ಲ. 2016ರ ನವೆಂಬರ್ 3ರಂದು ಹಾರ್ವರ್ಡ್ ತಂಡದ ಉಳಿದ ಪಂದ್ಯಗಳನ್ನು ರದ್ದುಗೊಳಿಸಿತು. ಆ ಹೊತ್ತಿಗೆ ತಂಡ ತನ್ನ ಲೀಗಿನ ಅಗ್ರಸ್ಥಾನದಲ್ಲಿತ್ತು. ಪ್ರಶಸ್ತಿಯ ಆಸೆಯನ್ನೂ ರಾಷ್ಟ್ರೀಯ ಟೂರ್ನಿಯ ಅವಕಾಶವನ್ನೂ ಅದು ಬಿಟ್ಟುಕೊಡಬೇಕಾಯಿತು.

ಇದು ಒಂಟಿ ಪ್ರಕರಣವಾಗಿರಲಿಲ್ಲ. ಅದೇ ನವೆಂಬರಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕುಸ್ತಿಪಟುಗಳ ಗುಂಪು ಸಂದೇಶಗಳು ಬಯಲಾದವು. ಅವುಗಳಲ್ಲಿ ಸ್ತ್ರೀನಿಂದೆಯ ಜೊತೆಗೆ ಜನಾಂಗ ನಿಂದೆಯೂ ಇತ್ತು. ಡಿಸೆಂಬರಿನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ತನ್ನ ಪುರುಷರ ಈಜು ತಂಡವನ್ನೂ ಆಮ್‌ಹರ್ಸ್ಟ್ ಕಾಲೇಜು ತನ್ನ ಓಟಗಾರರ ತಂಡವನ್ನೂ ಇಂಥದ್ದೇ ಕಾರಣಕ್ಕೆ ಅಮಾನತಿನಲ್ಲಿಟ್ಟವು. ಇವೆಲ್ಲ ಆ ದೇಶದ ಅತ್ಯಂತ ಪ್ರತಿಷ್ಠಿತ ವಿದ್ಯಾಸಂಸ್ಥೆಗಳು ಎಂಬುದನ್ನು ನಾವು ಗಮನಿಸಬೇಕು. ಉನ್ನತ ಅಂಕಗಳು ಉನ್ನತ ನಡತೆಯನ್ನು ತಾನಾಗಿಯೇ ತಂದುಕೊಡುವುದಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಗೆಳೆಯರು ತಮ್ಮೊಳಗೆ ಆಡಿಕೊಂಡ ಮಾತಿನಲ್ಲಿ ವಿಶ್ವವಿದ್ಯಾಲಯಕ್ಕೇನು ಕೆಲಸ?

ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಖಾಸಗಿತನವು ಮನುಷ್ಯನ ಘನತೆಯ ಒಂದು ಭಾಗ. ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ನೀಡಿತು. ಆ ಮೊಕದ್ದಮೆಗೆ ತನ್ನ ಹೆಸರನ್ನು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ಸಂಗತಿ. ಇಂದು ಅಸಭ್ಯ ಮಾತನ್ನು ಹುಡುಕುವ ನೆಪದಲ್ಲಿ ವಿದ್ಯಾರ್ಥಿಗಳ ಫೋನುಗಳನ್ನು ತೆರೆಸುವ ಸಂಸ್ಥೆ ನಾಳೆ ಅವರ ರಾಜಕೀಯ ಅಭಿಪ್ರಾಯವನ್ನೂ ನಂಬಿಕೆಯನ್ನೂ ಗೆಳೆತನವನ್ನೂ ತಪಾಸಣೆ ಮಾಡದೆ ಇರುವುದಿಲ್ಲ. ಆ ತಪಾಸಣೆಯ ಭಾರ ಮೊದಲು ಬೀಳುವುದು ದುರ್ಬಲರ ಮೇಲೆಯೇ. ಆದ್ದರಿಂದ ಯಾವ ವಿಶ್ವವಿದ್ಯಾಲಯಕ್ಕೂ ವಿದ್ಯಾರ್ಥಿಗಳ ಖಾಸಗಿ ಸಂಭಾಷಣೆಯ ಮೇಲೆ ಕಾವಲು ಕೂರುವ ಅಧಿಕಾರ ಇರಬಾರದು.

ಆದರೆ ಕಾವಲು ಕೂರದಿರುವುದು ಬೇರೆ, ಕಣ್ಣೆದುರು ಬಂದದ್ದನ್ನು ನೋಡದಂತೆ ನಟಿಸುವುದು ಬೇರೆ. ಹಾರ್ವರ್ಡಿನ ಆ ಕಡತ ಒಂದು ಕಲ್ಪನೆಯ ಕಥೆಯಾಗಿರಲಿಲ್ಲ. ಅದರಲ್ಲಿ ನಿಜವಾದ ಹೆಸರುಗಳಿದ್ದವು, ನಿಜವಾದ ಮುಖಗಳಿದ್ದವು. ಬರೆದವರೂ ಬರೆಯಿಸಿಕೊಂಡವರೂ ಒಂದೇ ಆವರಣದಲ್ಲಿ ಓದುತ್ತಿದ್ದರು, ಒಂದೇ ಆಟವನ್ನು ಆಡುತ್ತಿದ್ದರು. ಒಬ್ಬ ಯುವತಿಯನ್ನು ಹೆಸರು ಹಿಡಿದು ಇಪ್ಪತ್ತು ಮೂವತ್ತು ಮಂದಿಯ ಮುಂದೆ ಹರಾಜಿಗಿಟ್ಟ ಮೇಲೆ 'ಇದು ನಮ್ಮ ಖಾಸಗಿ ಮಾತು' ಎನ್ನುವುದಕ್ಕೆ ಅರ್ಥವಿದೆಯೇ? ಅಲ್ಲಿ ಖಾಸಗಿತನ ಕಳೆದುಕೊಂಡವರು ಯಾರು? ತನಗೆ ತಿಳಿಯದಂತೆ ತನ್ನ ಭಾವಚಿತ್ರವನ್ನೂ ತನ್ನ ಮಾನವನ್ನೂ ಕೈಯಿಂದ ಕೈಗೆ ದಾಟಿಸಲ್ಪಟ್ಟವಳೇ ತಾನೇ?

ಹೀಗಾಗಿ ಗೆರೆ ಎಲ್ಲಿ ಎಂಬುದು ಸ್ಪಷ್ಟವಿರಬೇಕು. ಅಮೆರಿಕದ ಸುಪ್ರೀಮ್ ಕೋರ್ಟು 2021ರ ಜೂನ್ ತಿಂಗಳಲ್ಲಿ ಇಂಥದ್ದೇ ಒಂದು ಗೆರೆಯನ್ನು ಗುರುತಿಸಿತು. ಪೆನ್ಸಿಲ್ವೇನಿಯಾ ರಾಜ್ಯದ ಒಬ್ಬ ಶಾಲಾ ಬಾಲಕಿ, ಆಟದ ಮೈದಾನದಲ್ಲಿ ಹುರಿದುಂಬಿಸುವ ಹಿರಿಯರ ತಂಡಕ್ಕೆ ಆಯ್ಕೆಯಾಗದ ಸಿಟ್ಟಿನಲ್ಲಿ, ರಜಾದಿನದಂದು ಶಾಲೆಯ ಹೊರಗಿನಿಂದ ಸ್ನ್ಯಾಪ್‌ಚಾಟಿನಲ್ಲಿ ಶಾಲೆಯನ್ನೂ ತಂಡವನ್ನೂ ಬೈದಿದ್ದಳು. ಶಾಲೆ ಆಕೆಯನ್ನು ಒಂದು ವರ್ಷ ಕಿರಿಯರ ತಂಡದಿಂದ ಹೊರಗಿಟ್ಟಿತು. ನ್ಯಾಯಾಲಯ ಎಂಟು ಮತ್ತು ಒಂದರ ಬಹುಮತದಿಂದ ಬಾಲಕಿಯ ಪರ ನಿಂತಿತು. ಆದರೆ ನಿರ್ದಿಷ್ಟ ವ್ಯಕ್ತಿಗಳನ್ನು ಗುರಿಯಾಗಿಸಿದ ಗಂಭೀರ ಪೀಡನೆ ಮತ್ತು ಬೆದರಿಕೆಗಳು ಶಾಲೆಯ ಹೊರಗೆ ನಡೆದರೂ ಶಾಲೆ ಕ್ರಮ ಕೈಗೊಳ್ಳಬಹುದು ಎಂದೂ ಅದೇ ತೀರ್ಪು ಹೇಳಿತು. ತೀರ್ಪು ಸರಕಾರಿ ಶಾಲೆಗೆ ಸಂಬಂಧಿಸಿದ್ದಾದರೂ ಅದರ ವಿವೇಕ ಎಲ್ಲ ವಿದ್ಯಾಸಂಸ್ಥೆಗಳಿಗೂ ಸಲ್ಲುತ್ತದೆ. ಸಂಸ್ಥೆಯನ್ನು ಬೈಯುವ ಒರಟು ಮಾತನ್ನು ಸಂಸ್ಥೆ ಸಹಿಸಿಕೊಳ್ಳಬೇಕು. ಸಹಪಾಠಿಯನ್ನು ಗುರಿಯಾಗಿಸಿ ಅವಮಾನಿಸುವುದನ್ನು ಸಹಿಸಿಕೊಳ್ಳಬಾರದು. ದುರ್ದೈವವೆಂದರೆ ಅನೇಕ ಸಂಸ್ಥೆಗಳು ಇದಕ್ಕೆ ತದ್ವಿರುದ್ಧವಾಗಿ ವರ್ತಿಸುತ್ತವೆ. ತಮ್ಮನ್ನು ಟೀಕಿಸಿದವನನ್ನು ಮರುದಿನವೇ ಕಚೇರಿಗೆ ಕರೆಸುತ್ತವೆ. ಸಹಪಾಠಿಯನ್ನು ಅವಮಾನಿಸಿದವನ ಬಗ್ಗೆ ದೂರು ಬಂದರೆ 'ಹುಡುಗರ ಸ್ವಭಾವ' ಎಂದು ಕಡತ ಮುಚ್ಚುತ್ತವೆ.

ಎರಡನೆಯ ಪ್ರಶ್ನೆ: ಶಿಕ್ಷೆ ಯಾರಿಗೆ? ಇಡೀ ತಂಡಕ್ಕೋ, ತಪ್ಪಿತಸ್ಥರಿಗೆ ಮಾತ್ರವೋ?

ಹಾರ್ವರ್ಡ್ ಇಡೀ ತಂಡದ ಋತುವನ್ನೇ ಕೊನೆಗೊಳಿಸಿತು. ಕೊಲಂಬಿಯಾ ಮೊದಲು ಎಲ್ಲ ಕುಸ್ತಿಪಟುಗಳನ್ನು ಕಣಕ್ಕಿಳಿಯದಂತೆ ತಡೆದು, ವಿಚಾರಣೆ ನಡೆಸಿ, ಸಂದೇಶಗಳಿಗೆ ಹೊಣೆಗಾರರಾದವರನ್ನು ಅಮಾನತಿನಲ್ಲಿಟ್ಟು ಉಳಿದವರಿಗೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಹಾರ್ವರ್ಡಿನ ಕ್ರಮವನ್ನು ಸಮರ್ಥಿಸುವವರು, ತಂಡದ ಸಂಪ್ರದಾಯವೇ ಕೆಟ್ಟಾಗ ಶಿಕ್ಷೆಯೂ ತಂಡಕ್ಕೇ ಆಗಬೇಕು ಎನ್ನುತ್ತಾರೆ. ಓದಿ ನಕ್ಕವನೂ ಓದಿ ಮೌನವಾಗಿದ್ದವನೂ ಆ ಸಂಪ್ರದಾಯವನ್ನು ಪೋಷಿಸಿದವರೇ ಎಂಬ ಅವರ ಮಾತಿನಲ್ಲಿ ಹುರುಳಿದೆ. ಆದರೆ 2012ರ ಕಡತವನ್ನು ಬರೆದವನ ಮೇಲೆ 2016ರ ಶಿಕ್ಷೆ ಬೀಳಲಿಲ್ಲ. ಆ ವರ್ಷವಷ್ಟೇ ತಂಡಕ್ಕೆ ಸೇರಿದ ಹೊಸ ಹುಡುಗನ ಮೇಲೂ ಅದು ಬಿತ್ತು. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನ ಹೆಗಲಿಗೆ ಹೊರಿಸುವುದನ್ನು ಯಾವ ನ್ಯಾಯವೂ ಒಪ್ಪುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ಶಿಕ್ಷೆ ವೈಯಕ್ತಿಕವಾಗಿರಬೇಕು. ಬರೆದವನ ಹೊಣೆ ಬೇರೆ, ಹಂಚಿದವನ ಹೊಣೆ ಬೇರೆ, ಸುಮ್ಮನಿದ್ದವನ ಹೊಣೆ ಬೇರೆ. ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ವಿಚಾರಣೆ ಮುಗಿಯುವವರೆಗೆ ತಂಡದ ಚಟುವಟಿಕೆಯನ್ನು ತಡೆಹಿಡಿಯುವುದು ಶಿಕ್ಷೆಯಲ್ಲ, ಎಚ್ಚರಿಕೆ. ಇನ್ನು ತಂಡವೇ ಒಗ್ಗಟ್ಟಾಗಿ ಸತ್ಯವನ್ನು ಮುಚ್ಚಿಟ್ಟರೆ ಆಗ ಆ ಮುಚ್ಚಿಟ್ಟದ್ದಕ್ಕೆ ತಂಡವೇ ಉತ್ತರಿಸಬೇಕು. ಹಾರ್ವರ್ಡಿನ ಕಠಿಣ ನಿರ್ಧಾರಕ್ಕೆ ನ್ಯಾಯದ ಬಲ ದೊರೆಯುವುದು ಈ ಕಾರಣದಿಂದಲೇ ಹೊರತು ಹಳೆಯ ಕಡತದಿಂದಲ್ಲ.

ಶಿಕ್ಷೆಗೆ ಒಂದು ಅಳತೆಯೂ ಇರಬೇಕು. 2020ರಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ ಪ್ರವೇಶ ಪಡೆದು, ಅಲ್ಲಿನ ಹುರಿದುಂಬಿಸುವ ತಂಡಕ್ಕೂ ಆಯ್ಕೆಯಾಗಿದ್ದ ಒಬ್ಬ ಯುವತಿಯ ಮೂರು ಸೆಕೆಂಡುಗಳ ಹಳೆಯ ವೀಡಿಯೊ ಎಲ್ಲೆಡೆ ಹರಡಿತು. ಅದರಲ್ಲಿ ಆಕೆ ಕಪ್ಪು ಜನರನ್ನು ಹೀಯಾಳಿಸುವ ಪದವೊಂದನ್ನು ಬಳಸಿದ್ದಳು. ಅದು ಆಕೆ 15ರ ವಯಸ್ಸಿನಲ್ಲಿ ಗೆಳೆಯರಿಗೆ ಕಳುಹಿಸಿದ್ದ ತುಣುಕು. ಅದನ್ನು ಕಾದಿಟ್ಟುಕೊಂಡಿದ್ದ ಸಹಪಾಠಿಯೊಬ್ಬ ಆಕೆ ಕಾಲೇಜು ಸೇರುವ ಹೊತ್ತಿಗೆ ಬಹಿರಂಗಗೊಳಿಸಿದ. ಆಕೆ ತಂಡವನ್ನೂ ಕಳೆದುಕೊಂಡಳು, ವಿಶ್ವವಿದ್ಯಾಲಯದ ಪ್ರವೇಶವನ್ನೂ ಬಿಟ್ಟುಕೊಟ್ಟಳು. ಆ ಪದ ಎಷ್ಟು ನೋವು ಕೊಡುವಂಥದ್ದೆಂಬುದನ್ನು ನಾವು ಕಡಿಮೆ ಮಾಡಿ ಹೇಳುತ್ತಿಲ್ಲ. ಆ ಶಾಲೆಯಲ್ಲಿ ಅಂಥ ಪದಗಳನ್ನು ಕೇಳಿ ಕೇಳಿ ಬೇಸತ್ತ ಹುಡುಗನ ಸಂಕಟವೂ ಸುಳ್ಳಲ್ಲ. ಆದರೆ ಆ ಸಂಕಟಕ್ಕೆ ಅಂದೇ ಕಿವಿಗೊಡಬೇಕಾಗಿದ್ದ ಹಿರಿಯರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಏಳದೇ? ಹದಿನೈದರ ಮಗು ಆಡಿದ ಒಂದು ಮಾತನ್ನೂ ಇಪ್ಪತ್ತರ ಯುವಕರು ವರ್ಷವರ್ಷವೂ ನಡೆಸಿಕೊಂಡು ಬಂದ ಚಾಳಿಯನ್ನೂ ಒಂದೇ ಎಂದು ಕಾಣುವ ಸಂಸ್ಥೆ ಮಕ್ಕಳನ್ನು ತಿದ್ದುವ ಹಕ್ಕನ್ನೇ ಕಳೆದುಕೊಳ್ಳುತ್ತದೆ. ವಿಶ್ವವಿದ್ಯಾಲಯ ಇರುವುದು ಕಲಿಸುವುದಕ್ಕೆ. ಕಲಿಯಬಲ್ಲವನನ್ನು ಹೊರದಬ್ಬುವುದು ಕೊನೆಯ ಉಪಾಯವಾಗಬೇಕೇ ಹೊರತು ಮೊದಲನೆಯದಲ್ಲ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು: ವಿಚಾರಣೆ ಯಾರಿಗಾಗಿ? ಸಂಸ್ಥೆಯ ಹೆಸರನ್ನು ಉಳಿಸಲೋ, ನೊಂದವರಿಗೆ ನ್ಯಾಯ ಕೊಡಲೋ?

ಇಲ್ಲಿ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. ಅಲ್ಲಿ ಸಂದೇಶ ಬರೆದವರು ಆಟಗಾರರೆಂದಲ್ಲ, ಸಾಮಾನ್ಯ ವಿದ್ಯಾರ್ಥಿಗಳು. ಆದರೆ ಪಾಠ ಒಂದೇ. ಸಹಪಾಠಿ ಯುವತಿಯರನ್ನು ಹೆಸರಿಸಿ ಅತ್ಯಾಚಾರದ ಮಾತುಗಳನ್ನಾಡಿದ ಅವರ ಫೇಸ್‌ಬುಕ್ ಗುಂಪಿನ ಸಂಭಾಷಣೆ 2018ರಲ್ಲಿ ಬೆಳಕಿಗೆ ಬಂತು. ಹನ್ನೊಂದು ವಿದ್ಯಾರ್ಥಿಗಳನ್ನು ಅಮಾನತಿನಲ್ಲಿಡಲಾಯಿತು. ವಿಚಾರಣೆಯ ಹೊಣೆಯನ್ನು ವಹಿಸಿದ್ದು ವಿಶ್ವವಿದ್ಯಾಲಯದ ಪತ್ರಿಕಾ ಸಂಪರ್ಕವನ್ನು ನೋಡಿಕೊಳ್ಳುವ ಅಧಿಕಾರಿಗೆ! ಸಂಸ್ಥೆಯ ಮಾನವನ್ನು ಪತ್ರಿಕೆಗಳಲ್ಲಿ ಕಾಯಬೇಕಾದವರೇ ನೊಂದ ಯುವತಿಯರ ಹೇಳಿಕೆಯನ್ನೂ ಪಡೆದರು. ಇಬ್ಬರಿಗೆ ವಿಧಿಸಿದ್ದ ಹತ್ತು ವರ್ಷಗಳ ನಿಷೇಧ ಮೇಲ್ಮನವಿಯಲ್ಲಿ ಒಂದು ವರ್ಷಕ್ಕಿಳಿಯಿತು. ಯಾರ ಬಗ್ಗೆ ಆ ಮಾತುಗಳನ್ನು ಬರೆಯಲಾಗಿತ್ತೋ ಅವರೇ ಇರುವ ಆವರಣಕ್ಕೆ ಬರೆದವರು ಮರಳುವ ಸ್ಥಿತಿ ಬಂತು. 2019ರ ಆರಂಭದಲ್ಲಿ ದೇಶಾದ್ಯಂತ ಆಕ್ರೋಶ ಎದ್ದ ನಂತರವೇ ಅವರು ಮರಳುವುದಿಲ್ಲ ಎಂದು ವಿಶ್ವವಿದ್ಯಾಲಯ ಪ್ರಕಟಿಸಿತು. ಬಳಿಕ ಹೊರಗಿನ ಕಾನೂನು ತಜ್ಞೆಯೊಬ್ಬರಿಂದ ಇಡೀ ಪ್ರಕ್ರಿಯೆಯ ಪರಿಶೀಲನೆ ನಡೆಸಬೇಕಾಯಿತು. ಬೀದಿಯ ಕೂಗಿಗೆ ಹೆದರಿ ನೀಡುವ ನ್ಯಾಯ ಎರಡೂ ಕಡೆಯವರಿಗೆ ಅನ್ಯಾಯವೇ. ನೊಂದವಳಿಗೆ ಅದು ತಡವಾಗಿ ಬರುತ್ತದೆ. ಆರೋಪಿಗೆ ಅದು ನಿಯಮವಿಲ್ಲದೆ ಬರುತ್ತದೆ.

ಹಾರ್ವರ್ಡಿನ ಪ್ರಕರಣದಲ್ಲಿ ಅತ್ಯಂತ ಘನತೆಯಿಂದ ನಡೆದುಕೊಂಡವರು ಯಾರು ಗೊತ್ತೇ? ಆಡಳಿತದವರಲ್ಲ, ಆ ಕಡತದಲ್ಲಿ ಅಳೆಯಲ್ಪಟ್ಟ ಯುವತಿಯರು. ಅವರಲ್ಲಿ ಆರು ಮಂದಿ ಸುದ್ದಿ ಬಯಲಾದ ಕೆಲವೇ ದಿನಗಳಲ್ಲಿ ತಮ್ಮ ಹೆಸರುಗಳನ್ನು ತಾವೇ ಹೇಳಿಕೊಂಡು ಅದೇ ಪತ್ರಿಕೆಯಲ್ಲಿ ಲೇಖನ ಬರೆದರು. ಆ ಅಕ್ಟೋಬರಿನಲ್ಲಿಯೇ ಡೊನಾಲ್ಡ್ ಟ್ರಂಪ್ ಅವರು ಸ್ತ್ರೀಯರ ಬಗ್ಗೆ 2005ರಲ್ಲಿ ಆಡಿದ್ದ ಹೀನ ಮಾತುಗಳ ಧ್ವನಿಮುದ್ರಿಕೆ ಹೊರಬಂದು, ಅದನ್ನು ಆಟಗಾರರ ಉಡುಪು ಕೋಣೆಯ ಹರಟೆ ಎಂದು ಅವರು ಹಗುರಗೊಳಿಸಿದ್ದರು. ಆ ನೆಪವನ್ನು ಈ ಯುವತಿಯರು ನಿರಾಕರಿಸಿದರು. ತಮ್ಮ ಬೆಲೆ ಯಾರೋ ಹಾಕಿದ ಅಂಕಗಳಲ್ಲಿಲ್ಲ ಎಂದು ಸಾರಿದರು. ಜೊತೆಗೆ ಕ್ಷಮೆಯ ಕೈಯನ್ನೂ ಚಾಚಿದರು. ಆದರೆ ನಾವು ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕ್ಷಮಿಸುವ ಅಧಿಕಾರ ನೊಂದವರದ್ದು. ಅವರ ಪರವಾಗಿ ಪ್ರಾಂಶುಪಾಲರು ಕ್ಷಮಿಸಲಾರರು, ತರಬೇತುದಾರರು ಕ್ಷಮಿಸಲಾರರು, ಆಡಳಿತ ಮಂಡಳಿ ಕ್ಷಮಿಸಲಾರದು. 'ರಾಜಿ ಮಾಡಿಕೊಳ್ಳಿ, ಹುಡುಗನ ಭವಿಷ್ಯ ನೋಡಿ' ಎಂದು ಹುಡುಗಿಯ ಮನೆಯವರನ್ನು ಒತ್ತಾಯಿಸುವುದು ಕ್ಷಮೆಯಲ್ಲ, ಎರಡನೆಯ ಅವಮಾನ.

ಈಗ ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಕಾನೂನು ನಮ್ಮಲ್ಲಿ ಇಲ್ಲವೆಂದಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳವನ್ನು ತಡೆಯಲು ರೂಪಿಸಿದ 2015ರ ನಿಯಮಾವಳಿ ಕರ್ನಾಟಕದ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಪ್ರತಿಯೊಂದು ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ವಿಚಾರಣೆ 90 ದಿನಗಳೊಳಗೆ ಮುಗಿಯಬೇಕು. ಕ್ರೀಡಾಕೂಟ ನಡೆಯುವ ಹೊರಗಿನ ಸ್ಥಳಗಳನ್ನೂ ಅದು ಆವರಣದ ವ್ಯಾಪ್ತಿಗೆ ಸೇರಿಸುತ್ತದೆ. ಹೊರಹಾಕುವುದಷ್ಟೇ ಅಲ್ಲದೆ ಸಮಾಲೋಚನೆ, ಸಮಾಜ ಸೇವೆ ಮುಂತಾದ ತಿದ್ದುವ ಕ್ರಮಗಳಿಗೂ ಅದರಲ್ಲಿ ಅವಕಾಶವಿದೆ. ಇಷ್ಟೆಲ್ಲ ಇದ್ದರೂ ನಮ್ಮ ಎಷ್ಟು ಹೆತ್ತವರಿಗೆ, ಎಷ್ಟು ವಿದ್ಯಾರ್ಥಿನಿಯರಿಗೆ ತಮ್ಮ ಕಾಲೇಜಿನ ಸಮಿತಿಯಲ್ಲಿ ಯಾರಿದ್ದಾರೆ ಎಂಬುದು ತಿಳಿದಿದೆ? ಮಗಳನ್ನು ಕಾಲೇಜಿಗೆ ಸೇರಿಸುವಾಗ ಶುಲ್ಕವೆಷ್ಟು, ಹಾಸ್ಟೆಲ್ ಹೇಗಿದೆ ಎಂದು ಕೇಳುವ ನಾವು ಇದನ್ನೂ ಕೇಳಬೇಕು.

ಅವಸರದ ತೀರ್ಪಿನ ಅಪಾಯವನ್ನೂ ನಮ್ಮ ದೇಶವೇ ನಮಗೆ ಕಲಿಸಿದೆ. 2020ರ ಮೇ ತಿಂಗಳಲ್ಲಿ ದೆಹಲಿಯ ಶಾಲಾ ಹುಡುಗರ ಇನ್‌ಸ್ಟಾಗ್ರಾಮ್ ಗುಂಪೊಂದು ಬಯಲಾಯಿತು. ಆಟಗಾರರ ಉಡುಪು ಕೋಣೆಯ ಹೆಸರನ್ನೇ ಇಟ್ಟುಕೊಂಡಿದ್ದ ಆ ಗುಂಪಿನಲ್ಲಿ ಸಹಪಾಠಿ ಬಾಲಕಿಯರ ಚಿತ್ರಗಳನ್ನು ಹಂಚಿ ಕೀಳಾಗಿ ಮಾತನಾಡಲಾಗಿತ್ತು. ಅದು ನಿಜವೇ. ಆದರೆ ಅದರ ಜೊತೆಗೆ ದೇಶವೆಲ್ಲ ಹರಡಿದ, ಅತ್ಯಾಚಾರದ ಸಂಚಿನಂತೆ ತೋರುತ್ತಿದ್ದ ಸಂದೇಶವೊಂದು ಆ ಗುಂಪಿನದ್ದೇ ಆಗಿರಲಿಲ್ಲ. ಅದನ್ನು ಬರೆದವಳು ಹುಡುಗನ ಹೆಸರಿನ ನಕಲಿ ಖಾತೆ ತೆರೆದಿದ್ದ ಒಬ್ಬ ಬಾಲಕಿ ಎಂದು ದೆಹಲಿ ಪೊಲೀಸರು ತಿಳಿಸಿದರು. ಚಿತ್ರವನ್ನೂ ಧ್ವನಿಯನ್ನೂ ಯಂತ್ರವೇ ಹುಟ್ಟುಹಾಕುವ ಇಂದಿನ ದಿನಗಳಲ್ಲಿ ಪರದೆಯ ಚಿತ್ರವೊಂದನ್ನೇ ಸಾಕ್ಷ್ಯವೆಂದು ನಂಬುವುದು ಇನ್ನಷ್ಟು ಅಪಾಯಕಾರಿ. ಸುದ್ದಿಯನ್ನು ಪರಿಶೀಲಿಸದೆ ಒಬ್ಬ ಹುಡುಗನ ಮೇಲೆ ಎಗರುವ ಸಮಾಜ, ಹುಡುಗಿಯ ದೂರನ್ನು ಕೇಳದೆ ತಳ್ಳಿಹಾಕುವ ಸಮಾಜದಷ್ಟೇ ಕ್ರೂರವಾದುದು.

ಹಾಗಾದರೆ ವಿಶ್ವವಿದ್ಯಾಲಯ ಏನು ಮಾಡಬೇಕು? ಸಂದೇಶಗಳು ಕೈಗೆ ಬಂದ ಕೂಡಲೇ ಅದರಲ್ಲಿ ಹೆಸರಿರುವವರನ್ನು ಮೊದಲು ಕಂಡು, ವಿಷಯವನ್ನು ತಿಳಿಸಿ, ಅವರಿಗೆ ಏನು ಬೇಕೆಂದು ಕೇಳಬೇಕು. ಅವರು ಪತ್ರಿಕೆಯಿಂದ ತಿಳಿಯುವಂತಾಗಬಾರದು. ಆಟದೊಂದಿಗೂ ಸಂಸ್ಥೆಯ ಪ್ರಚಾರದೊಂದಿಗೂ ಸಂಬಂಧವಿಲ್ಲದವರಿಂದ ವಿಚಾರಣೆ ನಡೆಸಬೇಕು. ಆರೋಪಿಗೆ ತನ್ನ ಮಾತು ಹೇಳುವ ಅವಕಾಶವಿರಬೇಕು. ಶಿಕ್ಷೆ ವಯಸ್ಸು, ಉದ್ದೇಶ, ಪುನರಾವರ್ತನೆ ಮತ್ತು ಸತ್ಯ ಹೇಳಿದ ರೀತಿಯನ್ನು ನೋಡಿ ನಿರ್ಧಾರವಾಗಬೇಕು. ಪದಕ ತರುವ ಆಟಗಾರನಿಗೆ ಒಂದು ನ್ಯಾಯ, ಬೆಂಚಿನಲ್ಲಿ ಕೂರುವವನಿಗೆ ಇನ್ನೊಂದು ನ್ಯಾಯ ಇರಬಾರದು. ತಂಡದ ಜೆರ್ಸಿ ತೊಡುವುದು ಯಾರ ಹಕ್ಕೂ ಅಲ್ಲ, ಅದೊಂದು ಗೌರವ. ಓದುವ ಹಕ್ಕನ್ನು ಕಸಿಯುವ ಮೊದಲು ಆ ಗೌರವವನ್ನು ಹಿಂದಕ್ಕೆ ಪಡೆಯಬಹುದು.

ತರಬೇತುದಾರರ ಹೊಣೆ ಇದರಲ್ಲಿ ಬಹಳ ದೊಡ್ಡದು. ತಂಡದಲ್ಲಿ ಹೊಸಬನಿಗೆ ಹಿರಿಯರ ಮೆಚ್ಚುಗೆಯೇ ಸರ್ವಸ್ವ. ಎಲ್ಲರೂ ನಗುವಾಗ ನಗದೆ ಉಳಿಯುವುದು ಹದಿನೆಂಟರ ಹುಡುಗನಿಗೆ ಸುಲಭವಲ್ಲ. ಕೆಟ್ಟ ಸಂಪ್ರದಾಯಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಹೀಗೆಯೇ. ಆಟಗಾರನ ಓಟವನ್ನು ಗಡಿಯಾರ ಹಿಡಿದು ಅಳೆಯುವ ಗುರುವು ಅವನ ನಾಲಗೆಯನ್ನೂ ಗಮನಿಸಬೇಕು. ಮೊದಲ ದಿನವೇ, ಈ ತಂಡದಲ್ಲಿ ಇಂಥ ಮಾತಿಗೆ ಜಾಗವಿಲ್ಲ ಎಂದು ಹೇಳುವ ಒಬ್ಬ ನಾಯಕನಿದ್ದರೆ ನೂರು ವಿಚಾರಣಾ ಸಮಿತಿಗಳು ಮಾಡಲಾಗದ ಕೆಲಸ ಆಗುತ್ತದೆ.

ಕೊನೆಯದಾಗಿ ಹೆತ್ತವರಲ್ಲಿ ಒಂದು ವಿನಂತಿ. ವಿಶ್ವವಿದ್ಯಾಲಯಕ್ಕೆ ಬರುವ ಮೊದಲು ಆ ಹುಡುಗ ಹದಿನೆಂಟು ವರ್ಷ ನಮ್ಮ ಮನೆಯಲ್ಲಿದ್ದ. ಊಟದ ಹೊತ್ತಿನಲ್ಲಿ ನಾವು ನೆರೆಮನೆಯ ಹೆಣ್ಮಗಳ ಬಗ್ಗೆ ಹೇಗೆ ಮಾತನಾಡಿದೆವು ಎಂಬುದನ್ನು ಅವನು ಕೇಳಿಸಿಕೊಂಡಿದ್ದಾನೆ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಬಣ್ಣಕ್ಕೂ ಎತ್ತರಕ್ಕೂ ಅಂಕ ಹಾಕುವ ಹಿರಿಯರನ್ನು ಅವನು ನೋಡಿದ್ದಾನೆ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಹೀನ ಹಾಸ್ಯಕ್ಕೆ ದೊಡ್ಡವರು ನಗುವಿನ ಚಿಹ್ನೆ ಹಾಕಿದ್ದನ್ನೂ ಅವನು ಓದಿದ್ದಾನೆ. ನಾಳೆ ಕಾಲೇಜಿನಿಂದ ಕರೆ ಬಂದು, ನಿಮ್ಮ ಮಗ ಹೀಗೆ ಬರೆದಿದ್ದಾನೆ ಎಂದು ಹೇಳಿದಾಗ ವಕೀಲರನ್ನು ಹುಡುಕಿಕೊಂಡು ಓಡುವ ಮುನ್ನ ಅವನ ಎದುರು ಕುಳಿತು ಒಂದು ಪ್ರಶ್ನೆ ಕೇಳೋಣ: ಆ ಹುಡುಗಿ ನಿನ್ನ ಮುಂದೆ ಕುಳಿತಿದ್ದರೆ ಈ ಸಾಲನ್ನು ಓದಿ ಹೇಳುತ್ತಿದ್ದೆಯಾ? ಅದಕ್ಕೆ ಅವನು ತಲೆ ತಗ್ಗಿಸಿದರೆ ತಿದ್ದುವಿಕೆ ಅಲ್ಲಿಂದಲೇ ಆರಂಭವಾಗಿದೆ ಎಂದು ತಿಳಿಯೋಣ. ಆ ಬಳಿಕ ಅವನಿಗೆ ದೊರೆಯುವ ನ್ಯಾಯಯುತ ಶಿಕ್ಷೆಯನ್ನು ತಪ್ಪಿಸಲು ಪ್ರಯತ್ನಿಸದಿರೋಣ. ಅತ್ತ ನಮ್ಮ ಮಗಳು ಇಂಥ ದೂರನ್ನು ಹೊತ್ತು ಮನೆಗೆ ಬಂದರೆ, ನೀನೇಕೆ ಆಟಕ್ಕೆ ಹೋದೆ ಎಂದು ಕೇಳದಿರೋಣ. ಆಕೆ ಮರುದಿನವೂ ಮೈದಾನಕ್ಕಿಳಿಯುವಂತೆ ಜೊತೆಗೆ ನಡೆಯೋಣ.